ಹಗ್ಗದ ಉಳಿದ ತುದಿ

ಹಗ್ಗದ ಉಳಿದ ತುದಿಯನ್ನು ಏನು ಮಾಡಬೇಕು ಎಂಬುದು ಮನುಷ್ಯಕುಲ ಇನ್ನೂ ಬಗೆಹರಿಸಿಕೊಳ್ಳದ ಗಂಭೀರ ಪ್ರಶ್ನೆಗಳಲ್ಲಿ ಒಂದು. ಸರ್ಕಾರಗಳು ಇದರ ಬಗ್ಗೆ ಕಾನೂನು ಮಾಡಿಲ್ಲ, ಮಠಾಧಿಪತಿಗಳು ಬಾಯಿಬಿಟ್ಟಿಲ್ಲ. ಹೊಸ ತಿಪ್ಪಸಂದ್ರದ ಶ್ರೀನಿವಾಸಮೂರ್ತಿಯವರು ಮಾತ್ರ ಒಂದು ತೀರ್ಮಾನಕ್ಕೆ ಬಂದಿದ್ದರು. ಸುರುಳಿ ಸುತ್ತಬೇಕು, ನಾಲ್ಕು ಕಡೆ ಪ್ಲಾಸ್ಟಿಕ್ ಟೈ ಬಿಗಿಯಬೇಕು, ಹಳದಿ ಚೀಟಿಯಲ್ಲಿ ನಂಬರು ಬರೆದು ತೂಗುಹಾಕಬೇಕು.

ಅವರು ಮೂವತ್ನಾಲ್ಕು ವರ್ಷ ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಅಲ್ಲಿ ಒಂದು ತಂತಿ ಸಡಿಲವಾಗಿ ನೇತಾಡಿದರೂ ಮೆಮೊ. ನಿವೃತ್ತರಾದ ಮೇಲೆ ಅದೇ ಶಾಸನ ಮನೆಗೆ ಬಂತು. ಬಟ್ಟೆ ಒಣಹಾಕುವ ಹಗ್ಗ, ಗಿಡಕ್ಕೆ ನೀರು ಬಿಡುವ ಪೈಪು, ಕೊನೆಗೆ ಮಿಕ್ಸಿಯ ವೈರು.

"ಈ ಮನೇಲಿ ಚಟ್ನಿ ರುಬ್ಬಬೇಕಾದ್ರೆ ಮೊದಲು ಕತ್ತರಿ ಹುಡುಕ್ಬೇಕು" ಎನ್ನುತ್ತಿದ್ದರು ಹೆಂಡತಿ ಸುಬ್ಬಲಕ್ಷ್ಮಿ. ಅವರದು ವಿಮಾ ಕಚೇರಿಯಲ್ಲಿ ಅಪಘಾತದ ಕಡತ ಓದುವ ಕೆಲಸ. ಜನ ಎಷ್ಟು ಬಗೆಯಲ್ಲಿ ಸಾಯಬಹುದೆಂಬುದು ಬಾಯಿಪಾಠವಾಗಿದ್ದರಿಂದ ಯಾವುದಕ್ಕೂ ಸುಲಭಕ್ಕೆ ಹೆದರುತ್ತಿರಲಿಲ್ಲ. ಗಂಡ ಹಲಸೂರು ಕೆರೆಯಲ್ಲಿ ಭಾನುವಾರ ಹಾಯಿದೋಣಿ ಕಲಿಯುತ್ತೇನೆಂದು ಹೊರಟಾಗ ತಾವೂ ಚಪ್ಪಲಿ ಮೆಟ್ಟಿದರು. "ನೀವು ಮುಳುಗಿದ್ರೆ ಕಣ್ಣಾರೆ ಕಂಡ ಸಾಕ್ಷಿ ಅಂತ ಒಬ್ರಾದ್ರೂ ಇರ್ಬೇಕಲ್ರೀ. ಇಲ್ದಿದ್ರೆ ಫೈಲು ಮುಂದಕ್ಕೆ ಹೋಗಲ್ಲ."

ಅಲ್ಲಿ ಸಿಕ್ಕವರು ಉಮ್ಮೆ ಕುಲ್ಸುಂ. ಶಿವಾಜಿನಗರದಲ್ಲಿ ಅವರ ಮನೆತನದ್ದು ಟಾರ್ಪಾಲು ಹೊಲಿಯುವ ಅಂಗಡಿ. ಹರಿದ ಹಾಯಿಗಳನ್ನು ಹೊಲಿದುಕೊಡಲು ಕೆರೆಗೆ ಬಂದ ಹುಡುಗಿ ದೋಣಿಯೊಳಗೇ ಉಳಿದುಬಿಟ್ಟಿದ್ದಳು. ಈಗ ನಲವತ್ತೈದರ ಕುಲ್ಸುಂ, ಶ್ರೀಮಂತರ ಹಾಯಿದೋಣಿಗಳನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಮುಟ್ಟಿಸಿ ಬರುವವರು. ನವೆಂಬರಿನಲ್ಲಿ ಕಾರವಾರದಿಂದ ಮಲ್ಪೆಗೆ ಒಂದು ದೋಣಿ ಹೋಗಬೇಕಿತ್ತು. ಕೈನೆರವಿಗೆ ಇಬ್ಬರು ಬೇಕಿದ್ದರು.

"ಇದು ಪರೀಕ್ಷೆ, ಮೂರ್ತಿ ಸಾರ್. ಸರಿಹೋದ್ರೆ ಜನವರೀಲಿ ಕೊಚ್ಚಿ. ಅಕ್ಕ, ನೀವು, ಇಬ್ರೂ ಜೋಡಿಯಾಗಿ. ಇಲ್ಲಾಂದ್ರೆ ಹಲಸೂರು ಕೆರೆ ಎಲ್ಲೂ ಹೋಗಲ್ಲ."

ಮೂರ್ತಿಯವರು ಜೀವನದಲ್ಲಿ ಯಾವ ಪ್ರಮೋಷನ್ನನ್ನೂ ಆ ಕೊಚ್ಚಿಯಷ್ಟು ಬಯಸಿರಲಿಲ್ಲ. ಹಾಲಿನ ಬೂತಿನ ಹತ್ತಿರ ಸೇರುವ ಹಳೆಯ ಸಹೋದ್ಯೋಗಿಗಳಿಗೆ ಆಗಲೇ ಹೇಳಿಯೂ ಆಗಿತ್ತು.

ಮೊದಲ ದಿನ ಸುಖವಾಗಿ ಕಳೆಯಿತು. ಎರಡನೆಯ ದಿನ ಬೆಳಗ್ಗೆ ತೇಲುತ್ತಿದ್ದ ಬಲೆಯ ತುಂಡೊಂದು ದೋಣಿಯ ಅಡಿಯಲ್ಲಿ ನೀರು ತಳ್ಳುವ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ನಿಂತಿತು. "ಹಾಯಿ ಇದೆಯಲ್ಲ, ಸಂಜೆಗೆ ಮಲ್ಪೆ" ಎಂದು ಕುಲ್ಸುಂ ಮಧ್ಯಾಹ್ನ ಕೆಳಗಿನ ಕೋಣೆಯಲ್ಲಿ ಒಂದು ಗಂಟೆ ಮಲಗಿದರು. ಸುಬ್ಬಲಕ್ಷ್ಮಿ ಚುಕ್ಕಾಣಿ ಹಿಡಿದಿದ್ದರು. ಮೂರ್ತಿಯವರಿಗೆ ಕೆಲಸವಿರಲಿಲ್ಲ. ಅನಾಹುತ ಶುರುವಾದದ್ದು ಅಲ್ಲಿಂದ.

ಹಾಯಿಗಳನ್ನು ಏರಿಸಿ ಇಳಿಸುವ ಹಗ್ಗಗಳು ಕಂಬದ ಬುಡದಿಂದ ಹರಿದು ಬಂದು, ಚುಕ್ಕಾಣಿಯ ಮುಂದೆ ಸಾಲಾಗಿರುವ, ಹಗ್ಗವನ್ನು ಜಾರದಂತೆ ಕಚ್ಚಿ ಹಿಡಿಯುವ ಹಿಡಿಕೆಗಳ ಮೂಲಕ ಹಾದು, ಒಂದೊಂದು ಚೀಲದೊಳಗೆ ಬೀಳುತ್ತಿದ್ದವು. ಕುಲ್ಸುಂ ಅವನ್ನು ಹಾಗೇ ಶಾವಿಗೆಯಂತೆ ಸುರಿದಿದ್ದರು. ಮೂರ್ತಿಯವರು ಚೀಲದೊಳಗೆ ಇಣುಕಿ ನೋಡಿ ನಿಟ್ಟುಸಿರಿಟ್ಟರು. ತಮ್ಮ ಬ್ಯಾಗಿನಿಂದ ಟೈಗಳ ಕಟ್ಟು ತೆಗೆದರು.

"ಅವರನ್ನ ಒಂದ್ಮಾತು ಕೇಳಿ ಮಾಡಿ ರೀ."

"ಇದನ್ನೇನ್ ಕೇಳೋದು ಕಣೇ? ನೀಟಾಗಿದ್ರೆ ಯಾರಿಗ್ ಬೇಜಾರು?"

ಐದು ಸುರುಳಿ, ಇಪ್ಪತ್ತು ಟೈ, ಐದು ಹಳದಿ ಚೀಟಿ. ಎಲ್ಲವನ್ನೂ ಮತ್ತೆ ಚೀಲಗಳಲ್ಲೇ ಇಟ್ಟರು. ಸುಬ್ಬಲಕ್ಷ್ಮಿ ನೋಡಿದರು, ಸುಮ್ಮನಾದರು.

ಎರಡೂವರೆಯ ಹೊತ್ತಿಗೆ ಪಡುವಣದಲ್ಲಿ ಸೀಸದ ಬಣ್ಣದ ಗೆರೆಯೊಂದು ಎದ್ದಿತು. ಹತ್ತು ನಿಮಿಷದಲ್ಲಿ ಗಾಳಿ ಬಂದು ದೋಣಿಯನ್ನು ಒಂದು ಮಗ್ಗುಲಿಗೆ ಒತ್ತಿತು. ಕೆಳಗೆ ಪಾತ್ರೆಗಳು ಉರುಳಿದವು. ಕುಲ್ಸುಂ ಬರಿಗಾಲಲ್ಲೇ ಮೇಲೆ ಬಂದು ಎಡಕ್ಕೆ ನೋಡಿದರು. ಕರಿಬಂಡೆಗಳ ಸಾಲು. ಅದರ ಮೇಲೆ ನೊರೆ. ನೂರಡಿ ರಸ್ತೆಯ ಎರಡು ಸಿಗ್ನಲ್‌ಗಳ ನಡುವಿನಷ್ಟು ದೂರ. ಗಾಳಿ ಅತ್ತಲೇ ತಳ್ಳುತ್ತಿತ್ತು.

"ಸಾರ್, ಚುಕ್ಕಾಣಿ ನೀವ್ ಹಿಡೀರಿ, ದೋಣಿ ಮೂಗು ಗಾಳಿಗೆ! ಅಕ್ಕ, ನಾನು ಕಂಬದ ಹತ್ರ ಹೋಗ್ತೀನಿ. 'ಬಿಡಿ' ಅಂದಾಗ ದೊಡ್ಡ ಹಾಯಿ ಹಗ್ಗ ಬಿಡಿ. ಅರ್ಧ ಇಳಿಸಿ ಕಟ್ಬೇಕು. ಪೂರ್ತಿ ಇದ್ರೆ ಮಗುಚ್ತೀವಿ, ಪೂರ್ತಿ ಇಳಿಸಿದ್ರೆ ಬಂಡೆಗೇ!"

ಸೊಂಟದ ಪಟ್ಟಿಯ ಕೊಕ್ಕೆಯನ್ನು ಕಂಬಿಗೆ ಸಿಕ್ಕಿಸಿಕೊಳ್ಳುತ್ತ ಅವರು ಮುಂದಕ್ಕೆ ತೆವಳಿದರು. ನೀರು ಎರಚದಂತೆ ಕಟ್ಟಿದ್ದ ಕ್ಯಾನ್ವಾಸಿನ ಮರೆಯಿಂದಾಗಿ ಅವರ ತಲೆ ಮಾತ್ರ ಕಾಣುತ್ತಿತ್ತು; ಅವರಿಗೆ ಇತ್ತಲಿನ ಚೀಲಗಳು ಕಾಣುತ್ತಿರಲಿಲ್ಲ.

"ಬಿಡಿ!"

ಸುಬ್ಬಲಕ್ಷ್ಮಿ ಹಿಡಿಕೆ ಎತ್ತಿದರು. ಹಗ್ಗ ಒಂದು ಮಾರು ಸರ್ರನೆ ಓಡಿತು, ಚೀಲದಿಂದ ಸುರುಳಿ ಹಾರಿ ಬಂದು ಹಿಡಿಕೆಯ ಬಾಯಿಗೆ ಬಡಿದು ಕಚ್ಚಿಕೊಂಡಿತು. ಹಾಯಿ ಏರಿಯೂ ಇಲ್ಲದೆ ಇಳಿದೂ ಇಲ್ಲದೆ ಜೋಲಾಡಿ ಬಡಿದುಕೊಳ್ಳತೊಡಗಿತು. ದೋಣಿ ಮುಂದಕ್ಕೆ ಹೋಗುವುದನ್ನು ಬಿಟ್ಟು ಅಡ್ಡಡ್ಡ ಸರಿಯಿತು.

"ಬಿಡಿ ಅಕ್ಕ!"

"ಬಿಟ್ಟಿದೀನಿ, ಬರ್ತಿಲ್ಲ!"

ಸುರುಳಿಯ ಮೇಲೆ ಹಳದಿ ಚೀಟಿ ಪಟಪಟಿಸುತ್ತಿತ್ತು. ನಂಬರು ಮೂರು. ಸುಬ್ಬಲಕ್ಷ್ಮಿ ಗಂಡನ ಮುಖ ನೋಡಿದರು. ಗಂಡ ಚೀಟಿಯನ್ನು ನೋಡುತ್ತಿದ್ದರು. ಹೇಳಿದರೆ ಕೊಚ್ಚಿ ಮುಗಿಯಿತು. ಅವರೇ ಹೇಳಲಿ ಎಂದು ಸುಬ್ಬಲಕ್ಷ್ಮಿ ಕಾದರು. ಅಷ್ಟರಲ್ಲಿ ಉಗುರಿನಿಂದ ಟೈ ಕೀಳಲು ನೋಡಿದರು, ಬಾಗಿ ಹಲ್ಲು ಹಾಕಿದರು. ಮೂರ್ತಿಯವರು ಕಳಪೆ ಮಾಲು ಕೊಳ್ಳುವವರಲ್ಲ. ಟೈ ಜಗ್ಗಲಿಲ್ಲ.

"ಕಂಬದ ತುದೀಲಿರೋ ಗಾಲಿ ಹಗ್ಗ ಕಚ್ಚಿರ್ಬೇಕು!" ಕುಲ್ಸುಂ ಕೂಗಿದರು. "ನಾನೇ ಹತ್ತಿ ನೋಡ್ತೀನಿ! ಸಾರ್, ಅಲ್ಲಾಡಿಸ್ಬೇಡಿ!"

ಕಂಬಕ್ಕೆ ಮೆಟ್ಟಿಲಿನಂಥ ಕಬ್ಬಿಣದ ಚೂರುಗಳಿದ್ದವು. ಐವತ್ತಡಿ ಕಂಬ ಆಕಾಶದಲ್ಲಿ ಈ ಕಡೆಯಿಂದ ಆ ಕಡೆಗೆ ಗುಡಿಸುತ್ತಿತ್ತು. ಕುಲ್ಸುಂ ಸೊಂಟದ ಕೊಕ್ಕೆ ಬಿಚ್ಚಿದರು. ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಎರಡನೆಯದು. ಬಂಡೆಗೆ ಈಗ ಮೊದಲಿನ ಅರ್ಧದಷ್ಟೇ ದೂರ. ನೀರು ಅಪ್ಪಳಿಸುವ ಸದ್ದು ಕೇಳುತ್ತಿತ್ತು.

"ರೀ" ಎಂದರು ಸುಬ್ಬಲಕ್ಷ್ಮಿ. ಅಷ್ಟೇ ಎಂದದ್ದು.

ಮೂರನೆಯ ಮೆಟ್ಟಿಲು. ದೋಣಿ ಅದುರಿತು, ಕುಲ್ಸುಂ ಅವರ ಒಂದು ಕಾಲು ಜಾರಿ ಗಾಳಿಯಲ್ಲಿ ನೇತಾಡಿತು.

"ಹತ್ತಬೇಡಿ ಮೇಡಂ!" ಮೂರ್ತಿಯವರು ಕೂಗಿದರು. "ಇಲ್ಲಿದೆ! ನಾನ್ ಕಟ್ಟಿದ್ದು! ಟೈ ಹಾಕಿ ಕಟ್ಬಿಟ್ಟಿದೀನಿ!"

ಕುಲ್ಸುಂ ಧೊಪ್ಪನೆ ಇಳಿದು ಕೊಕ್ಕೆ ಹಾಕಿಕೊಂಡು, ಬಡಿದುಕೊಳ್ಳುತ್ತಿದ್ದ ಹಾಯಿಯನ್ನು ಹಿಡಿದರು. "ಚಾಕು ನನ್ ಕೊರಳಲ್ಲಿದೆ, ಎಸೆದ್ರೆ ನೀರಿಗ್ ಹೋಗತ್ತೆ. ನಾನು ಹಾಯಿ ಬಿಡಂಗಿಲ್ಲ. ಅಕ್ಕ, ಬನ್ನಿ!"

ಐವತ್ತಾರರ ಸುಬ್ಬಲಕ್ಷ್ಮಿ ಕೊಕ್ಕೆ ಸಿಕ್ಕಿಸಿಕೊಂಡು ಹತ್ತಡಿ ತೆವಳಿದರು. ಒಂದು ಅಲೆ ಬೆನ್ನ ಮೇಲೆ ಹಾದುಹೋಯಿತು. ಕುಲ್ಸುಂ ಅವರ ಕೊರಳಿನಿಂದ ದಾರಸಮೇತ ಚಾಕು ಎಳೆದುಕೊಂಡು, ಬಾಯಲ್ಲಿ ಕಚ್ಚಿಕೊಂಡು ಹಿಂದಕ್ಕೆ ತೆವಳಿದರು. ಒಂದು ಟೈ. ಎರಡು. ಮೂರನೆಯದಕ್ಕೆ ಹೆಬ್ಬೆರಳೂ ಸ್ವಲ್ಪ ಕುಯ್ದಿತು. ನಾಲ್ಕು. ಸುರುಳಿ ಬಿಚ್ಚಿ ಹಗ್ಗ ಸರ್ರನೆ ಓಡಿತು, ಹಾಯಿ ಅರ್ಧಕ್ಕಿಳಿಯಿತು. ಕುಲ್ಸುಂ ಎರಡೂ ಕೈಯಲ್ಲಿ ಅದನ್ನು ತಬ್ಬಿ ಕಟ್ಟಿದರು. "ಈಗ ತಿರುಗ್ಸಿ ಸಾರ್, ನಿಧಾನ, ನಿಧಾನ!"

ಹಾಯಿ ಗಾಳಿ ತುಂಬಿಕೊಂಡಿತು. ದೋಣಿ ಮುಂದಕ್ಕೆ ಹೆಜ್ಜೆ ಇಟ್ಟಿತು. ಕೊನೆಯ ಬಂಡೆ ಎಡಕ್ಕೆ ಎಷ್ಟು ಹತ್ತಿರದಲ್ಲಿ ದಾಟಿತೆಂದರೆ, ಅದಕ್ಕೆ ಅಂಟಿದ್ದ ಚಿಪ್ಪುಗಳು ಕಾಣುತ್ತಿದ್ದವು.

ಗಾಳಿ ತಗ್ಗಿದ ಮೇಲೆ ಕುಲ್ಸುಂ ಬಂದು ಕೂತು, ಉಳಿದ ನಾಲ್ಕು ಸುರುಳಿಗಳನ್ನು ಹೊರತೆಗೆದು ಒಂದೊಂದಾಗಿ ಬಿಡಿಸಿದರು.

"ನಾನ್ ಮಲಗಿದ್ದಾಗ ಕಟ್ಟಿದ್ದಾ ಸಾರ್?"

"ಹೌದು ಮೇಡಂ. ತಪ್ಪಾಯ್ತು."

"ಅಕ್ಕ, ನಿಮಗ್ ಗೊತ್ತಿತ್ತಾ?"

"ಗೊತ್ತಿತ್ತು."

"ಕಟ್ಟಿದ್ದು ಬಿಡಿ. ಹೊಸಬ್ರು ಏನೋ ಒಂದ್ ಮಾಡೇ ಮಾಡ್ತಾರೆ. ನಾನು ಮೊದಲ್ನೇ ಸಲ ಲಂಗರಿಗೆ ಹಗ್ಗಾನೇ ಕಟ್ಟದೇನೇ ನೀರಿಗೆ ಎಸ್ದಿದ್ದೆ." ಕುಲ್ಸುಂ ನಗಲಿಲ್ಲ. "ನಾನು ಕೊಕ್ಕೆ ಬಿಚ್ಚಿ ಕಂಬ ಹತ್ತೋಕ್ ಹೊರಟೆನಲ್ಲ, ಆಗ ನೀವಿಬ್ರೂ ಏನ್ ನೋಡ್ತಿದ್ರಿ?"

ಮೂರ್ತಿಯವರು ಚುಕ್ಕಾಣಿ ನೋಡಿದರು. ಸುಬ್ಬಲಕ್ಷ್ಮಿ ಹೆಬ್ಬೆರಳು ಒತ್ತಿ ಹಿಡಿದಿದ್ದರು.

"ಇವರೇ ಹೇಳ್ಲಿ ಅಂತ ಕಾಯ್ತಿದ್ದೆ" ಎಂದರು.

"ಜೋಡಿ ಅಂತ ಕರ್ಕೊಂಡ್ ಬಂದೆ ಅಕ್ಕ. ಸುಮ್ನಿರೋದ್ರಲ್ಲೂ ಜೋಡೀನೇ."

ಸಂಜೆ ಆರಕ್ಕೆ ದೋಣಿ ಮಲ್ಪೆ ಸೇರಿತು. ಜನವರಿಯಲ್ಲಿ ಕುಲ್ಸುಂ ಬೇರೆ ಇಬ್ಬರನ್ನು ಕರೆದುಕೊಂಡು ಕೊಚ್ಚಿಗೆ ಹೋದರು.