ಮುಂದಕ್ಕೆ ಓದಿದವನು

ಹಾಳೆ ಹರಿದಿರಬೇಕು ಅಂದುಕೊಂಡು ಅವನು ಸತ್ಯವೇದವನ್ನು, ತನ್ನ ಬೈಬಲ್ಲನ್ನು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಹೊಲಿಗೆ ಗಟ್ಟಿಯಾಗಿತ್ತು. ಪುಟಗಳ ಸಂಖ್ಯೆಯೂ ತಪ್ಪಿರಲಿಲ್ಲ. ಮೀನಿನ ಬಾಯಿಗೆ ಬಿದ್ದ ಪ್ರವಾದಿಯ ಕಥೆ ಒಂದು ಪ್ರಶ್ನೆಗೆ ಬಂದು ನಿಂತಿತ್ತು. ಪಕ್ಕದ ಅಂಕಣದಲ್ಲಿ ಬೇರೊಬ್ಬ ಪ್ರವಾದಿ ಬೇರೆ ಊರಿನ ಮೇಲೆ ಸಿಟ್ಟು ಮಾಡಿಕೊಂಡು ಶುರುವಾಗಿದ್ದ.

ಪ್ರಶ್ನೆ ಕೇಳಿದವನು ದೇವರು. ಉತ್ತರ ಕೊಡಬೇಕಾದವನು ಪ್ರವಾದಿ. ಉತ್ತರ ಮಾತ್ರ ಎಲ್ಲೂ ಇರಲಿಲ್ಲ.

ತನ್ನ ಕ್ರೈಸ್ತ ಪಂಗಡದ ಕೂಟದಲ್ಲಿದ್ದಷ್ಟು ಕಾಲ ಈ ಕಥೆ ಅವನಿಗೆ ಮೀನಿನ ಹೊಟ್ಟೆಯವರೆಗಷ್ಟೇ ಗೊತ್ತಿತ್ತು. ಮಾತು ಕೇಳದವನನ್ನು ಮೀನು ನುಂಗುತ್ತದೆ, ಕೇಳುತ್ತೇನೆ ಅಂದರೆ ಉಗುಳುತ್ತದೆ. ಅಲ್ಲಿಗೆ ಪಾಠ ಮುಗಿಯುತ್ತಿತ್ತು. ಕೂಟದವರು ಸತ್ಯವೇದವನ್ನು ಸುಮ್ಮನೆ ತೆರೆದು ಓದುತ್ತಿರಲಿಲ್ಲ. ವಾರಕ್ಕೊಮ್ಮೆ 'ಕೈದೀಪ' ಎಂಬ ತೆಳ್ಳನೆಯ ಪುಸ್ತಿಕೆ ಕೈಗೆ ಬರುತ್ತಿತ್ತು. ಯಾವ ವಚನ ಓದಬೇಕು, ಓದಿ ಏನು ಕೇಳಿಕೊಳ್ಳಬೇಕು, ಕೇಳಿಕೊಂಡು ಏನು ಹೇಳಬೇಕು, ಎಲ್ಲ ಅದರಲ್ಲೇ ಇರುತ್ತಿತ್ತು. ಪ್ರಶ್ನೆ ಪುಟದ ಬುಡದಲ್ಲಿ, ಉತ್ತರ ಅದೇ ಪುಟದ ತಲೆಯಲ್ಲಿ. ಅವನು ಹಲ್ಲಿನ ಡಾಕ್ಟರು. ಕಷ್ಟಪಟ್ಟು ಓದಿ ಪಾಸಾದವನು. ಇಷ್ಟು ಸಲೀಸಾದ ಪರೀಕ್ಷೆಯನ್ನು ಬೇರೆಲ್ಲೂ ಕಂಡಿರಲಿಲ್ಲ. ಅದಕ್ಕೇ ಅಷ್ಟು ವರ್ಷ ಅಲ್ಲಿದ್ದನೋ ಏನೋ.

ಅವನನ್ನು ಹೊರಗಿಟ್ಟಿದ್ದು ಮುಂದಕ್ಕೆ ಓದಿದ್ದಕ್ಕೆ. ರೋಗಿಗಳು ಬಾರದ ಒಂದು ಮಧ್ಯಾಹ್ನ ಬೇಜಾರು ಕಳೆಯಲು ಕೈದೀಪ ಹೇಳಿದ್ದಕ್ಕಿಂತ ಒಂದು ಅಧ್ಯಾಯ ಹೆಚ್ಚಿಗೆ ಓದಿದ್ದ. ಸಂಜೆ ಕೂಟದಲ್ಲಿ ಅದನ್ನು ಮಾತಿನ ನಡುವೆ ಆಡಿಯೂಬಿಟ್ಟ. ಕೂತವರೆಲ್ಲ ತಣ್ಣಗಾದರು. ಕೂಟದ ಮುಖಂಡರು, ಎಲ್ಲರೂ ಹಿರಿಯಣ್ಣ ಎಂದು ಕರೆಯುತ್ತಿದ್ದವರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ತಮ್ಮಾ, ಯಾರನ್ನ ಕೇಳಿ ಓದಿದೆ?" ಅಂದರು. ಅವನಿಗೆ ನಗು ಬಂತು. ಅದು ಇನ್ನೊಂದು ತಪ್ಪಾಯಿತು. ತಪ್ಪಾಯಿತೆಂದು ಎಲ್ಲರ ಮುಂದೆ ಹೇಳಲು ಗಡುವು ಕೊಟ್ಟರು. ಗಡುವಿನ ದಿನ ಅವನು ಎದ್ದು ನಿಂತು, ಯೋಚನೆ ಮಾಡುತ್ತೇನೆ ಎಂದ. ತಪ್ಪು ಒಪ್ಪದವರನ್ನು ಅವರು ಕ್ಷಮಿಸಿದ್ದುಂಟು. ಯೋಚನೆ ಮಾಡುತ್ತೇನೆ ಅಂದವನನ್ನು ಏನು ಮಾಡಬೇಕೆಂದು ತಿಳಿಯದೆ ಹೊರಗಿಟ್ಟರು.

ಹೊರಗಿಟ್ಟವರ ಜೊತೆ ಕೂಟದವರು ಊಟ ಮಾಡುವಂತಿಲ್ಲ, ಮಾತಾಡುವಂತಿಲ್ಲ. ಒಂದೇ ಸೂರಿನಡಿ ಇದ್ದವರಿಗೆ ಅಗತ್ಯದ ಮಾತಿನಷ್ಟು ರಿಯಾಯಿತಿ. ಅವನ ಹೆಂಡತಿ ಕೂಟದಲ್ಲೇ ಉಳಿದಿದ್ದಳು. ಮದುವೆಯ ಹೊಸತರಲ್ಲಿ ಅವಳಿಗೆ ಕೂಟದ ಗಂಧಗಾಳಿಯೂ ಇರಲಿಲ್ಲ. ಗೋಗರೆದು, ಮುನಿಸಿಕೊಂಡು, ಊಟ ಬಿಟ್ಟು ಅವಳನ್ನು ಅಲ್ಲಿಗೆ ಎಳೆದೊಯ್ದವನು ಇವನೇ. ಈಗ ಅವಳು ಅವನ ತಟ್ಟೆಯನ್ನು ಮೇಜಿನ ಮೇಲಿಟ್ಟು, ತನ್ನದನ್ನು ಹಿಡಿದು ಅಡುಗೆಮನೆಗೆ ಹೋಗಿ, ಬಾಗಿಲನ್ನು ಅರ್ಧ ತೆರೆದಿಟ್ಟು ಉಣ್ಣುತ್ತಿದ್ದಳು. ಅರ್ಧ ಬಾಗಿಲು ನಿಯಮದಲ್ಲಿರಲಿಲ್ಲ. ಅದು ಅವಳದೇ ಸೇರ್ಪಡೆ.

ಅಗತ್ಯದ ಮಾತು ಯಾವುದು ಎಂಬುದರಲ್ಲೇ ಅವರ ಸಂಸಾರ ನಡೆಯುತ್ತಿತ್ತು. ಉಪ್ಪು ಕಡಿಮೆ ಅಂದರೆ ಅಗತ್ಯ. ಊಟ ರುಚಿಯಾಗಿದೆ ಅಂದರೆ ಅನಗತ್ಯ. ಆದ್ದರಿಂದ ಅಡುಗೆ ಚೆನ್ನಾಗಿದ್ದ ದಿನವೂ ಅವನು ಉಪ್ಪು ಕಡಿಮೆ ಅನ್ನುತ್ತಿದ್ದ. ಅವಳಿಗೆ ಅರ್ಥವಾಗುತ್ತಿತ್ತು. ಉಪ್ಪು ತಂದು ಇಡುತ್ತಿದ್ದಳು. ಒಮ್ಮೆ ಅವನು ಪಕ್ಕದ ಮನೆಯ ಬೆಕ್ಕಿನ ಬಗ್ಗೆ ಏನೋ ಅಂದಾಗ ನಕ್ಕುಬಿಟ್ಟಳು. ತಕ್ಷಣ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ತೊಳೆಯಲು ಪಾತ್ರೆಗಳಿರಲಿಲ್ಲ.

ಸತ್ಯವೇದವನ್ನು ತಾನೇ, ಯಾರ ಕೈ ಹಿಡಿಯದೆ, ಮೊದಲಿನಿಂದ ಓದಬೇಕೆಂದು ಅವನು ಹಟ ತೊಟ್ಟಿದ್ದ. ಟಿಪ್ಪಣಿ ಇಲ್ಲದ ಪ್ರತಿಯನ್ನು ಹುಡುಕಿ ತಂದಿದ್ದ. ತೊಂದರೆ ಬೇರೆಯೇ ಆಗಿತ್ತು. ಒಂಟಿಯಾಗಿ ಓದಲು ಕೂತರೆ ಅವನು ಒಂಟಿಯಾಗಿರುತ್ತಿರಲಿಲ್ಲ. ಕಣ್ಣು ಅಕ್ಷರದ ಮೇಲೆ ಬಿದ್ದೊಡನೆ ತಲೆಯೊಳಗೆ ಹಿರಿಯಣ್ಣ ಗಂಟಲು ಸರಿಮಾಡಿಕೊಂಡು ಶುರು ಹಚ್ಚುತ್ತಿದ್ದರು. ಅದೇ ರಾಗ, ಸಾಲಿನ ಕೊನೆಯಲ್ಲಿ ಅದೇ ಎಳೆತ. ಅವನು ಗಟ್ಟಿಯಾಗಿ ಓದಿ ನೋಡಿದ. ಹಿರಿಯಣ್ಣನೂ ಗಟ್ಟಿಯಾದರು. ಕೊನೆಯಿಂದ ಹಿಂದಕ್ಕೆ ಓದಿದ. ಅವರು ಸಾವಧಾನವಾಗಿ ಜೊತೆಗೆ ಬಂದರು. ಪುಟ ಮುಗಿದಾಗ ಕಣ್ಣು ತಾನಾಗಿ ಬುಡಕ್ಕೆ ಹೋಗಿ ಪ್ರಶ್ನೆಯನ್ನು ಹುಡುಕುತ್ತಿತ್ತು.

ಇವತ್ತು, ಈ ಭಾನುವಾರ, ಅಂತೂ ಒಂದು ಪ್ರಶ್ನೆ ಸಿಕ್ಕಿತ್ತು. ಅದೂ ಸತ್ಯವೇದದೊಳಗೇ. ಹಿರಿಯಣ್ಣ ಓದಿಕೊಡದ ಕೊನೆಯ ಅಧ್ಯಾಯ ಅದು. ಹಾಗಾಗಿ ತಲೆಯೊಳಗೆ ಅವರೂ ಸುಮ್ಮನಿದ್ದರು.

ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡು, ಕೆಳಗೆ ಕ್ಲಿನಿಕ್ಕಿಗೆ ಯಾರೋ ಬಂದಿದ್ದಾರೆಂದಳು. ಭಾನುವಾರ ತೆಗೆಯುವುದಿಲ್ಲವೆಂದು ಅವನು ನೆನಪಿಸಿದ.

"ಅಗತ್ಯ" ಅಂದಳು.

ಕೆಳಗಿನ ಕೋಣೆಯ ಬೆಂಚಿನ ಮೇಲೆ, ಗೋಡೆಯಲ್ಲಿ ಹಲ್ಲು ಕಿರಿಯುತ್ತಿದ್ದ ಚಿತ್ರಪಟದ ಕೆಳಗೆ, ಹಿರಿಯಣ್ಣ ಕೂತಿದ್ದರು. ಎಡಗೆನ್ನೆ ಊದಿಕೊಂಡಿತ್ತು. ಗದ್ದದಿಂದ ನೆತ್ತಿಗೆ ಟವೆಲ್ ಕಟ್ಟಿದ್ದರು. ಸಂಜೆ ಪ್ರವಚನವಿತ್ತು. ಊರಿನ ಬೇರೆ ಹಲ್ಲಿನ ಡಾಕ್ಟರುಗಳೆಲ್ಲ ಬಾಗಿಲು ಹಾಕಿದ್ದರು. ಯಾರ ಸಲಹೆಯೋ ಗೊತ್ತಿಲ್ಲ. ಹೆಂಡತಿ ಮುಖ ತಿರುಗಿಸಿಕೊಂಡಿದ್ದರಿಂದ ಅವಳದೇ ಇರಬೇಕು ಎನಿಸಿತು.

ಅವನು ತಿಂಗಳುಗಟ್ಟಲೆ ಈ ಭೇಟಿಗೆ ತಯಾರಾಗಿದ್ದ. ಸ್ನಾನ ಮಾಡುವಾಗ, ರಸ್ತೆ ದಾಟುವಾಗ, ಬೇರೆಯವರ ಹಲ್ಲು ಕೊರೆಯುವಾಗ ಮಾತು ಜೋಡಿಸಿಟ್ಟುಕೊಂಡಿದ್ದ. ಕೆಲವು ಮಾತು ನಿಜಕ್ಕೂ ಹರಿತವಾಗಿದ್ದವು. ಎದುರಾಳಿ ಹೀಗೆ ಟವೆಲ್ ಕಟ್ಟಿಕೊಂಡು ಬರುವುದನ್ನು ಮಾತ್ರ ಅವನು ಊಹಿಸಿರಲಿಲ್ಲ.

ಹಿರಿಯಣ್ಣ ಕುರ್ಚಿಗೆ ಏರಿ ಕೂತರು. ನಿಯಮ ಮುರಿಯುವಂತಿರಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿದರು.

"ಎಡಗಡೆ, ಕೆಳಗೆ, ಕೊನೇದು ಅಂತ ಹೇಳಮ್ಮ."

"ಎಡಗಡೆ, ಕೆಳಗೆ, ಕೊನೇದಂತೆ" ಅಂದಳು ಹೆಂಡತಿ.

"ಸಕ್ಕರೆ ಕಾಯಿಲೆ ಇದೆಯಾ ಕೇಳು" ಅಂದ ಅವನು.

ಮೂವರೂ ಕೈಗೆಟುಕುವಷ್ಟು ಹತ್ತಿರದಲ್ಲಿದ್ದರು. ಮಾತು ಮಾತ್ರ ಸುತ್ತು ಹಾಕಿ ಬರುತ್ತಿತ್ತು. ಸಕ್ಕರೆ ಇರಲಿಲ್ಲ, ರಕ್ತದೊತ್ತಡ ಸ್ವಲ್ಪ ಇತ್ತು, ಔಷಧಿ ತಪ್ಪಿಸುತ್ತಿರಲಿಲ್ಲ. ಬಾಯಿ ತೆಗೆಯುವುದು ಮಾತಿನ ಲೆಕ್ಕಕ್ಕೆ ಬರುವುದಿಲ್ಲವೆಂದು ತೀರ್ಮಾನವಾದ ಮೇಲೆ ಹಿರಿಯಣ್ಣ ಬಾಯಿ ತೆಗೆದರು.

ದೀಪ ಎಳೆದು ನೋಡಿದ. ಕೊನೆಯ ದವಡೆ ಹಲ್ಲು ಪೂರ್ತಿ ಟೊಳ್ಳಾಗಿತ್ತು. ಆ ಪ್ರವಾದಿಗೆ ನೆರಳಾಗಿದ್ದ ಗಿಡವನ್ನು ಹುಳ ಕಚ್ಚಿ ಒಣಗಿಸಿದ ಭಾಗ ಬೆಳಿಗ್ಗೆಯಷ್ಟೇ ಓದಿದ್ದ. ಹಲ್ಲಿನಲ್ಲಿ ಹುಳ ಇರುವುದಿಲ್ಲವೆಂದು ಕಾಲೇಜಿನಲ್ಲಿ ಕಲಿತಿದ್ದ. ಎರಡನ್ನೂ ನುಂಗಿಕೊಂಡು, ಕೀಳಬೇಕು ಎಂದ. ಕುರ್ಚಿಯ ಹಿಡಿ ಹಿಡಿದಿದ್ದ ಹಿರಿಯಣ್ಣನ ಬೆರಳು ಬಿಳುಚಿಕೊಂಡವು. ಊರಿಗೆ ಊರೇ ಸುಟ್ಟು ಬೂದಿಯಾಗುವ ದಿನವನ್ನು ಕಣ್ಣು ಮಿಟುಕಿಸದೆ ಬಣ್ಣಿಸುತ್ತಿದ್ದ ಮನುಷ್ಯ ಸೂಜಿಗೆ ಹೆದರಿದ್ದರು. ಅವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಭುಜ ತಟ್ಟಬೇಕೆನಿಸಿತು, ಅದಕ್ಕೂ ಧೈರ್ಯವಾಗಲಿಲ್ಲ.

ಚುಚ್ಚುಮದ್ದು ಕೊಟ್ಟು ಮರಗಟ್ಟಲು ಕಾಯುತ್ತ ಕೂತ. ಜೋಡಿಸಿಟ್ಟಿದ್ದ ಹರಿತವಾದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಬೆಳಗಿನ ಪ್ರಶ್ನೆ. ಹೆಂಡತಿಯ ಸುತ್ತುದಾರಿ ಬಿಟ್ಟು ನೇರವಾಗಿಯೇ ಕೇಳಿದ.

"ಆ ಮೀನಿನ ಪ್ರವಾದಿ ಕೊನೆಗೆ ಏನು ಉತ್ತರ ಕೊಟ್ಟ?"

ಹಿರಿಯಣ್ಣನ ಕಣ್ಣು ಅವನ ಕಡೆ ಹೊರಳಿತು. ಹತ್ತಿ ಉಂಡೆ ಮಾಡುತ್ತಿದ್ದ ಹೆಂಡತಿಯ ಕೈ ನಿಂತಿತು.

ಅವನು ಬಿಡಿಸಿ ಹೇಳಿದ. ಊರು ಸುಟ್ಟುಹೋಗುತ್ತದೆಂದು ಆ ಪ್ರವಾದಿ ಆಚೆ ಹೋಗಿ, ನೆರಳು ನೋಡಿಕೊಂಡು ಕೂತಿದ್ದಾನೆ. ಊರು ಸುಡುವುದಿಲ್ಲ. ಜನ ಎಂದಿನಂತೆ ಎದ್ದು ಓಡಾಡುತ್ತಾರೆ. ಇವನಿಗೆ ಮುನಿಸು. ಅಷ್ಟೊಂದು ಜನರ ಮೇಲೆ, ಅವರ ದನಗಳ ಮೇಲೆ ನನಗೆ ಕನಿಕರ ಬರಬಾರದೇ ಎಂದು ದೇವರು ಕೇಳುತ್ತಾನೆ.

"ಆಮೇಲೆ? ನಾನು ಪುಟ ತಿರುಗಿಸಿ ನೋಡಿದೆ. ಇಲ್ಲ. ಅವನು ಎದ್ದು ಊರೊಳಗೆ ಹೋದನಾ, ಅಲ್ಲೇ ಕೂತಿದ್ದನಾ? ನಿಮಗೆ ಗೊತ್ತಿರಬೇಕಲ್ಲ."

ಹಿರಿಯಣ್ಣ ಕುರ್ಚಿಯ ಹಿಡಿ ಬಿಟ್ಟು ಅವನ ಕಡೆ ತಿರುಗಿದರು. ಆಮೇಲೆ, ಹೊರಗಿಟ್ಟ ದಿನದಿಂದ ಮೊದಲ ಬಾರಿಗೆ, ನೇರವಾಗಿ ಅವನ ಜೊತೆ ಮಾತಾಡಿದರು. ಆದರೆ ಅಷ್ಟರಲ್ಲಿ ತುಟಿಯೂ ಅರ್ಧ ನಾಲಿಗೆಯೂ ಮರಗಟ್ಟಿದ್ದವು.

"ಒವ್ವಿಲ್ಲ" ಅಂದರು.

ಅವನು ಬಗ್ಗಿ, ಏನಂದಿರಿ ಎಂದು ಕೇಳಿದ. ಅವರು ಅದನ್ನೇ ಮತ್ತೆ ಹೇಳಿದರು. ಹೆಂಡತಿಯನ್ನು ಕೇಳಿದ. ತಿಳಿಯಲಿಲ್ಲ ಎಂಬಂತೆ ಅವಳು ತಲೆಯಾಡಿಸಿದಳು. ಹಿರಿಯಣ್ಣ ಗೊತ್ತಿಲ್ಲ ಅಂದಿರಬಹುದು. ಓದಿಲ್ಲ ಅಂದಿರಬಹುದು. ನೋವಿಲ್ಲ, ಇನ್ನು ಕೀಳಬಹುದು ಅಂತಲೂ ಇರಬಹುದು. ಡಾಕ್ಟರಾಗಿ ಅವನು ಕೊನೆಯದನ್ನೇ ಆರಿಸಿಕೊಳ್ಳಬೇಕಾಯಿತು. ಇಕ್ಕಳ ತೆಗೆದುಕೊಂಡ.

ಹಲ್ಲು ಅಷ್ಟು ಸುಲಭಕ್ಕೆ ಬರಲಿಲ್ಲ. ಅಲುಗಾಡಿಸಿ, ಸಡಿಲಿಸಿ, ಕೊನೆಗೆ ಬೇರುಸಹಿತ ಬಂದಾಗ ಮೂವರೂ ಒಟ್ಟಿಗೇ ಉಸಿರು ಬಿಟ್ಟರು. ಹತ್ತಿ ಕಚ್ಚಿಸಿ, ಅರ್ಧ ಗಂಟೆ ಬಾಯಿ ತೆಗೆಯಬಾರದು, ಒಂದಕ್ಷರ ಮಾತಾಡಬಾರದು ಎಂದ. ಹಾಗೆಂದ ಮೇಲೆ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು.

ಹಿರಿಯಣ್ಣ ಬೆಂಚಿನ ಮೇಲೆ ಕೂತರು. ಪಕ್ಕದಲ್ಲಿ ಹೆಂಡತಿ ಕೂತಳು. ಅವನು ಎದುರಿಗೆ ಸ್ಟೂಲು ಹಾಕಿಕೊಂಡ. ಇಬ್ಬರು ಕೇಳುಗರು, ಅದರಲ್ಲೊಬ್ಬರಿಗೆ ಎದುರು ಮಾತಾಡಲು ಡಾಕ್ಟರ ನಿಷೇಧ. ಇಂಥ ಅವಕಾಶ ಇನ್ನು ಸಿಗಲಾರದು. ಅವನು ಆ ಕೊನೆಯ ಅಧ್ಯಾಯದ ಬಗ್ಗೆ ಹೇಳತೊಡಗಿದ. ಉತ್ತರ ಬರೆಯದೇ ಬಿಟ್ಟಿರುವುದು ಮರೆವಿನಿಂದಲ್ಲ, ಓದುವವನೇ ಕೊಡಲಿ ಎಂದು ಬಿಟ್ಟಿರಬೇಕು. ಯಾರೂ ಯಾರ ಪರವಾಗಿಯೂ ಅದನ್ನು ಕೊಡಲಾಗದು. ಹೇಳುತ್ತ ಹೋದಂತೆ ಮಾತು ತಾನಾಗಿ ಬಂತು. ಚೆನ್ನಾಗಿಯೂ ಬಂತು. ಹೆಂಡತಿ ತಲೆ ತಗ್ಗಿಸಿ, ಕೈ ಮಡಿಲಲ್ಲಿಟ್ಟು, ಸರಿಯಾದ ಜಾಗಗಳಲ್ಲಿ ತಲೆದೂಗುತ್ತಿದ್ದಳು. ಹಿರಿಯಣ್ಣನೂ ಕಣ್ಣು ಮುಚ್ಚಿ ತಲೆದೂಗಿದರು, ಶಿಷ್ಯನ ಪಾಠ ಒಪ್ಪಿಸಿಕೊಳ್ಳುವ ಮೇಷ್ಟರ ಹಾಗೆ.

ಆಗ ಅವನಿಗೆ ತನ್ನ ದನಿ ಕೇಳಿಸಿತು. ಅದೇ ರಾಗ. ಸಾಲಿನ ಕೊನೆಯಲ್ಲಿ ಅದೇ ಎಳೆತ. ಶುರು ಮಾಡುವ ಮುಂಚೆ ಗಂಟಲನ್ನೂ ಸರಿಮಾಡಿಕೊಂಡಿದ್ದನೇನೋ. ವಾಕ್ಯದ ನಡುವೆ ನಿಲ್ಲಿಸಿದ. ಇಬ್ಬರೂ ಮುಂದಿನದಕ್ಕಾಗಿ ಕಾದರು. ಮುಂದಿನದು ಇರಲಿಲ್ಲ.

ಹೊತ್ತಾದ ಮೇಲೆ ಹಿರಿಯಣ್ಣ ಎದ್ದರು. ಒಬ್ಬರೇ ಹೋಗುವುದು ಬೇಡವೆಂದೂ, ಸಂಜೆಯ ಕೂಟ ಮುಗಿಸಿಕೊಂಡೇ ಬರುವುದಾಗಿಯೂ ಹೆಂಡತಿ ಹೇಳಿದಳು. ಹಿರಿಯಣ್ಣ ಬಾಗಿಲಲ್ಲಿ ಅವನ ಕಡೆ ಕೈ ಎತ್ತಿ, ಏನೋ ನೆನಪಾದಂತೆ ಆ ಕೈಯಿಂದ ಟವೆಲ್ ಸರಿಮಾಡಿಕೊಂಡು ಹೊರಗಿನ ಮೆಟ್ಟಿಲಿಳಿದರು.

ಹೆಂಡತಿ ಒಂದು ಗಳಿಗೆ ಹಿಂದುಳಿದಳು.

"ಓದಿಲ್ಲ ಅಂದ್ರು" ಅಂದಳು ಮೆಲ್ಲಗೆ. "ನಂಗೆ ಆಗ್ಲೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಅಗತ್ಯ ಅನ್ನಿಸ್ಲಿಲ್ಲ."

"ಈಗ?"

ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ ಸ್ವಲ್ಪ ಯೋಚಿಸಿದಳು. "ನೀವು ಹೇಳಿದ್ದು ಚೆನ್ನಾಗಿತ್ತು ರೀ" ಅಂದಳು. "ಥೇಟ್ ಅವರ ಹಾಗೇ ಇತ್ತು."

ಅದು ಹೊಗಳಿಕೆಯೋ ಅಲ್ಲವೋ ಕೇಳುವಷ್ಟರಲ್ಲಿ ಅವಳು ಇಳಿದು ಹೋಗಿದ್ದಳು. ಕಿಟಕಿಯಿಂದ ನೋಡಿದ. ಇಬ್ಬರೂ ಮಾತಾಡದೆ, ರಸ್ತೆಯ ಒಂದೇ ಬದಿಯಲ್ಲಿ ನಡೆಯುತ್ತಿದ್ದರು. ಮೂಲೆಯ ಹತ್ತಿರ ಅವಳು ಹಿಂತಿರುಗಿ ನೋಡುತ್ತಾಳೆ ಅಂದುಕೊಂಡ. ಅಲ್ಲಿ ಒಂದು ಲಾರಿ ಅಡ್ಡ ಬಂದು ನಿಂತಿತು.

ಕಿಟಕಿ ಬಿಟ್ಟು ಬಂದ. ಸಲಕರಣೆಗಳನ್ನು ತೊಳೆದು ಕುದಿಯುವ ನೀರಿಗೆ ಹಾಕಿದ. ದೀಪ ಆರಿಸುವುದು ಮರೆತಿತ್ತು. ಖಾಲಿ ಕುರ್ಚಿಯ ಮೇಲೆ ಬೆಳಕು ಬಿದ್ದಿತ್ತು. ಆರಿಸಲು ಹೋದವನು ಯಾಕೋ ಕುರ್ಚಿಯಲ್ಲಿ ಕೂತ. ಇಷ್ಟು ವರ್ಷಗಳಲ್ಲಿ ತಾನು ಅದರಲ್ಲಿ ಒಮ್ಮೆಯೂ ಕೂತಿರಲಿಲ್ಲವೆಂದು ಆಶ್ಚರ್ಯವಾಯಿತು. ಗುಂಡಿ ಒತ್ತಿದ. ಕುರ್ಚಿ ಗುಂಯ್ ಎನ್ನುತ್ತ ಹಿಂದಕ್ಕೆ ವಾಲಿ, ಕಾಲು ಮೇಲಾಗಿ, ತಲೆ ಕೆಳಗಾಗಿ ನಿಂತಿತು.

ಅಲ್ಲಿಂದ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದರ ಹಿಂದೆ ಯಾರಾದರೂ ಇದ್ದರೂ ಗೊತ್ತಾಗುವಂತಿರಲಿಲ್ಲ. ಅವನು ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಬಾಯಿ ತೆರೆದ. ನಾಲಿಗೆ ನಿಧಾನವಾಗಿ ಒಣಗತೊಡಗಿತು. ಇನ್ನೂ ಸ್ವಲ್ಪ ಎಂದು, ತಾನು ರೋಗಿಗಳಿಗೆ ಹೇಳುವಂತೆ, ಯಾರೂ ಹೇಳಲಿಲ್ಲ. ಅವನು ಇನ್ನೂ ಸ್ವಲ್ಪ ಅಗಲಿಸಿದ.