ಸ್ಟಿಕ್ಕರಿಗೆ ಉಗುರು ತಾಗಿಸಬಾರದು

ಯಾವನಯ್ಯಾ ಅದು, ನಿನ್ನೆ ಗ್ರೂಪಿನಲ್ಲಿ ‘ಮೇಸ್ತ್ರಿಗೆ ಮರೆವು ಹಿಡಿದಿದೆ, ಅವರ ಮಾತು ಬಿಡಿ’ ಅಂತ ಹಾಕಿದ್ದು? ನನಗೆ ಮರೆವಂತೆ! ನೀವು ಒಬ್ಬೊಬ್ಬರೂ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸೇರಿದ ದಿನ ಯಾರ ಚಪ್ಪಲಿಯ ಉಂಗುಷ್ಟ ಕಿತ್ತಿತ್ತು ಅಂತ ಇವತ್ತೂ ಹೇಳಬಲ್ಲೆ. ನಾಲ್ಕು ಬೆಂಚಿನಲ್ಲಿ ಯಾವುದರ ಯಾವ ಕಾಲು ಗಿಡ್ಡ, ಅದರ ಕೆಳಗೆ ಯಾವ ರಟ್ಟು ಮಡಿಸಿ ಇಟ್ಟಿದ್ದೆವು, ಅದೂ ಗೊತ್ತು. ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದೇನೆ, ಬಾಯಿ ಮುಚ್ಚಿಕೊಂಡು ಕೇಳಿ. ಮಧ್ಯದಲ್ಲಿ ನಗುವ ಬೊಂಬೆ ಕಳಿಸಬೇಡಿ.

ನಮ್ಮ ತಿರುಪು ಬಗ್ಗೆ ಬರೆದುಕೊಂಡಿದ್ದೀರಲ್ಲ, ‘ಪಾಪ, ಅವನಿಗೆ ರ‍್ಯಾಮ್ ಕೂರಿಸೋಕೂ ಬರ್ತಿರಲಿಲ್ಲ’ ಅಂತ. ಅದು ಸುಳ್ಳು. ಮೆಮೊರಿ ಪಟ್ಟಿ ಕೂರಿಸುವುದು ನಿಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ನನಗಿಂತಲೂ. ತಂಟೆ ಶುರುವಾಗಿದ್ದೇ ಅಲ್ಲಿ.

ತಿರುಪು ನನ್ನ ಹೆಂಡತಿಯ ತಮ್ಮ. ಸಣ್ಣ ಆಳು, ಸುಮ್ಮನೆ ಕೂತಲ್ಲೂ ಬೆರಳಲ್ಲಿ ಏನಾದರೂ ತಿರುಗಿಸುತ್ತಲೇ ಇರುತ್ತಿದ್ದ, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷ ಪುಸ್ತಕಕ್ಕೆ ಬೈಂಡಿಂಗ್ ಹಾಕುತ್ತಿದ್ದವನು. ಬೈಂಡಿಂಗ್ ಅಂಗಡಿ ಮುಚ್ಚಿತು. ನಲವತ್ತೆರಡರ ಗಂಡಸು, ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಕೈಯಲ್ಲಿ ಕೆಲಸವಿಲ್ಲ. ನನ್ನ ಹೆಂಡತಿ ದಿನಾ ನನ್ನ ಕಿವಿ ಕಚ್ಚಿದಳು: “ನಿಮ್ಮ ಜೊತೆ ಕರ್ಕೊಂಡು ಹೋಗ್ರಿ.” ಕರೆದುಕೊಂಡು ಹೋದೆ. ಆರು ತಿಂಗಳು ಬೆಂಚಿಲ್ಲದೆ, ಸ್ಟೂಲಿನ ಮೇಲೆ ಕೂತು ಕಲಿತ.

ಮೊದಲ ದಿನ ನಾನು ಅವನಿಗೆ ಹೇಳಿದ ಮೊದಲ ಮಾತು ನಿಮಗೆಲ್ಲ ಹೇಳಿದ್ದೇ: “ಯಾವ ಸಾಮಾನಿನ ಸ್ಟಿಕ್ಕರಿಗೂ ಉಗುರು ತಾಗಿಸಬೇಡ. ಸ್ಟಿಕ್ಕರ್ ಎದ್ದರೆ ವಾರಂಟಿ ಹೋಯ್ತು, ವಾರಂಟಿ ಹೋದರೆ ನೀನೂ ಹೋದೆ.” ನೀವು ಕೇಳಿ ಮರೆತಿರಿ. ಅವನು ಮರೆಯಲಿಲ್ಲ.

ಒಂದು ದಿನ ಗಿರಾಕಿಯೊಬ್ಬರ ಎದುರಿಗೆ ನಾನು ಎರಡು ರ‍್ಯಾಮ್ ಸ್ಟಿಕ್ಕನ್ನು ಪಕ್ಕಪಕ್ಕದ ಸ್ಲಾಟಿಗೆ ಒತ್ತಿದೆ. ಇವನು ಸ್ಟೂಲಿನಿಂದಲೇ, ಮೆತ್ತಗೆ, “ಭಾವ, ಈ ಬೋರ್ಡಿಗೆ ಎರಡನೇದು, ನಾಲ್ಕನೇದು ಅಲ್ವಾ? ಪಕ್ಕಪಕ್ಕ ಹಾಕಿದ್ರೆ ವೇಗ ಅರ್ಧ ಆಗುತ್ತೆ” ಅಂದ. ಸರಿಯಾಗೇ ಹೇಳಿದ್ದ. ಗಿರಾಕಿ ನಕ್ಕರು. “ಮೇಸ್ತ್ರಿ, ಮುಂದಿನ ಸಲ ಅವ್ರ ಕೈಲೇ ಮಾಡಿಸಿ” ಅಂದರು. ನೀವೂ ನಕ್ಕಿರಿ. ಯಾರ್ಯಾರು ನಕ್ಕಿರಿ ಅಂತಲೂ ನೆನಪಿದೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳಬೇಡಿ.

ನಾಲ್ಕನೇ ಬೆಂಚು ಖಾಲಿಯಾಯಿತು. ಯಜಮಾನಮ್ಮನ ಪದ್ಧತಿ ಗೊತ್ತಲ್ಲ: ಬೆಂಚೂ ಸಂಬಳವೂ ಬೇಕಾದವನು ತನ್ನ ಮನೆಯಲ್ಲಿ ಒಂದು ಕಂಪ್ಯೂಟರ್ ಜೋಡಿಸಿ ತರಬೇಕು. ಬೆಳಗ್ಗೆಯಿಂದ ಸಂಜೆವರೆಗೆ ಅದರ ಮೇಲೆ ಮೆಮೊರಿ ಪರೀಕ್ಷೆ ಓಡಬೇಕು. ಸ್ಟಿಕ್ಕರಿನ ಮೇಲೆ ಬರೆದ ವೇಗದಲ್ಲಿ, ತಪ್ಪು ತೋರಿಸುವ ಕೆಂಪು ಗೆರೆ ಒಂದೂ ಬರದೆ. ಬಂದರೆ, ನಮಸ್ಕಾರ, ಬಾಗಿಲು ಆ ಕಡೆ.

ತಿರುಪು ಎಲ್ಲ ಸಾಮಾನು ತಾನೇ ಆರಿಸಿದ. ರ‍್ಯಾಮ್ ಮಾತ್ರ, “ಭಾವ, ಇದನ್ನ ನೀವೇ ಆರಿಸಿಕೊಡಿ, ನಿಮ್ಮ ಕೈಗುಣ ಇರ್ಲಿ” ಅಂದ.

ಕೊಟ್ಟೆ. ಸತ್ತುಹೋದ ಎರಡು ಸ್ಟಿಕ್ಕು ನನ್ನ ಡ್ರಾಯರಿನಲ್ಲಿದ್ದವು, ಮೂರು ಸಾವಿರದ ಇನ್ನೂರರ ವೇಗದವು. ಬಿಸಿಗಾಳಿ ಹಿಡಿದು ಅವುಗಳ ಸ್ಟಿಕ್ಕರ್ ಎಬ್ಬಿಸಿದೆ. ಅದೇ ಕಂಪನಿಯ ನಿಧಾನದ ಎರಡು ಸ್ಟಿಕ್ಕು, ಎರಡು ಸಾವಿರದ ನಾನೂರರವು, ಅವುಗಳ ಸ್ಟಿಕ್ಕರಿನ ಮೇಲೇ ಎಬ್ಬಿಸಿದ ಸ್ಟಿಕ್ಕರುಗಳನ್ನು ಅಂಟಿಸಿದೆ. ಅಂಚಿಗೆ ಅಂಚು. ಬೆರಳು ಸವರಿದರೂ ಗೊತ್ತಾಗಬಾರದು, ಹಾಗೆ. ಅಷ್ಟು ಚೊಕ್ಕವಾಗಿ ನಾನು ಯಾವ ಗಿರಾಕಿಗೂ ಕೆಲಸ ಮಾಡಿಕೊಟ್ಟಿಲ್ಲ.

ಹೌದು, ನಾನೇ. ಈಗ ಕಳಿಸಿ ನಿಮ್ಮ ನಗುವ ಬೊಂಬೆ.

ಭಾನುವಾರ ಮಧ್ಯಾಹ್ನ ಫೋನು ಮಾಡಿದ. “ಭಾವ, ಎಲ್ಲಾ ಓಡ್ತಿದೆ, ಮೆಮೊರಿ ಮಾತ್ರ ಎರಡು ಸಾವಿರದ ನಾನೂರಕ್ಕೆ ನಿಂತುಬಿಟ್ಟಿದೆ.” ಹೋದೆ. ಊಟದ ಮೇಜನ್ನು ಖಾಲಿ ಮಾಡಿ ಮಗುವಿನ ಜೋಲಿಯ ಬಟ್ಟೆಯಂತೆ ಮೆತ್ತನೆ ಬಟ್ಟೆ ಹಾಸಿದ್ದ, ಮೇಲೆ ಕಂಪ್ಯೂಟರ್ ಮಲಗಿಸಿದ್ದ. ಮಕ್ಕಳು ನೆಲದ ಮೇಲೆ ಕೂತು ತಟ್ಟೆ ಹಿಡಿದು ತಿನ್ನುತ್ತಿದ್ದವು. ಅವನ ಹೆಂಡತಿ ನನಗೆ ಕುರ್ಚಿ ಕೊಟ್ಟು ತಾನು ನಿಂತಳು. “ಅಣ್ಣ, ಇದೊಂದು ಆಗಿಬಿಟ್ರೆ ಇವರು ರಾತ್ರಿ ನಿದ್ದೆ ಮಾಡ್ತಾರೆ” ಅಂದಳು.

ಅವನು ಕೆಲಸ ಮಾಡಿದ ಕ್ರಮ ನೋಡಬೇಕಿತ್ತು. ಎರಡೂ ಸ್ಟಿಕ್ಕು ಬಿಚ್ಚಿದ, ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ, ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿದ. ಅದೇ ವೇಗ. ಒಂದೊಂದನ್ನೇ ಹಾಕಿ ನೋಡಿದ. ಅದೇ. ಬೋರ್ಡಿನ ಸೆಟ್ಟಿಂಗಿಗೆ ಹೋಗಿ, ತಾನಾಗೇ ಹೆಚ್ಚಿನ ವೇಗಕ್ಕೆ ಹೋಗುವ ಆಯ್ಕೆ ಹುಡುಕಿದ, ಇರಲೇ ಇಲ್ಲ. ಬೋರ್ಡಿನ ಸಾಫ್ಟ್‌ವೇರ್ ಹೊಸದು ಹಾಕಿದ. ಊಹೂಂ. ಆಮೇಲೆ ಸ್ಟಿಕ್ಕಿನೊಳಗೆ ಕಂಪನಿಯವರೇ ಬರೆದಿಟ್ಟಿರುತ್ತಾರಲ್ಲ, ತಾನು ಯಾರು, ಎಷ್ಟು ವೇಗ ಅಂತ, ಅದನ್ನು ಪರದೆಯ ಮೇಲೆ ತೆಗೆದ. ಬೆರಳಲ್ಲಿ ತಿರುಗಿಸುತ್ತಿದ್ದ ಸ್ಕ್ರೂ ನಿಂತಿತು.

“ಭಾವ, ಇದರ ಒಳಗಡೆ ಎರಡು ಸಾವಿರದ ನಾನೂರು ಅಂತಿದೆ. ಹೊರಗಡೆ ಸ್ಟಿಕ್ಕರ್ ಮೂರು ಸಾವಿರದ ಇನ್ನೂರು ಅಂತಿದೆ. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ.”

ನೋಡಿದಿರಾ? ಹಿಡಿದುಬಿಟ್ಟಿದ್ದ. ಇನ್ನು ಒಂದೇ ಒಂದು ಉಗುರು ಎತ್ತಿದ್ದರೆ ನನ್ನ ಮಾನ ಆ ಊಟದ ಮೇಜಿನ ಮೇಲೆ ಹರಾಜಾಗುತ್ತಿತ್ತು. ಬೈಂಡಿಂಗ್ ಮಾಡಿದ ಬೆರಳು, ಕಾಗದದ ಮೇಲೆ ಕಾಗದ ಅಂಟಿದ್ದು ಅವನಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ಹೆಬ್ಬೆರಳು ಸ್ಟಿಕ್ಕರಿನ ಮೂಲೆಗೆ ಹೋಯಿತು. ಅಲ್ಲೇ ನಿಂತಿತು. ನನ್ನ ಮುಖ ನೋಡಿದ. “ಮೂಲೆ ಸ್ವಲ್ಪ ದಪ್ಪ ಅನ್ನಿಸ್ತಿದೆ. ಎತ್ತಿ ನೋಡ್ಲಾ?”

“ಏನಂತ ಹೇಳಿಕೊಟ್ಟಿದ್ದೆ ನಾನು?”

“ಎತ್ತಬಾರದು ಅಂತ.”

“ಮತ್ತೆ? ಆರು ತಿಂಗಳಿಗೇ ಕಂಪನಿಯವರಿಗಿಂತ ದೊಡ್ಡವನಾದ್ಯಾ? ಒಳಗಿನ ಬರಹ ಕೆಡುತ್ತೆ, ಸ್ಟಿಕ್ಕರ್ ಕೆಡಲ್ಲ. ವೇಗ ಕೈಯಾರೆ ಬರೆದು ಹಾಕು. ಏಳದಿದ್ದರೆ ವೋಲ್ಟೇಜು ಏರಿಸು.”

ನಂಬಿದ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಕೊಟ್ಟೆ, ತೆಗೆದುಕೊಂಡ. ವೇಗ ಬರೆದ, ಕಂಪ್ಯೂಟರ್ ಏಳಲಿಲ್ಲ. ವೋಲ್ಟೇಜು ಏರಿಸಿದ. “ಇನ್ನೂ ಸ್ವಲ್ಪ” ಅಂದೆ. ಎದ್ದಿತು. ಪರದೆಯ ಮೇಲೆ ಮೂರು ಸಾವಿರದ ಇನ್ನೂರು ಅಂತ ಬಂತು. ಅವನ ದೊಡ್ಡ ಮಗಳು ಕೈ ತಟ್ಟಿದಳು. ಅವನು ನನ್ನ ಕಾಲು ಮುಟ್ಟಲು ಬಗ್ಗಿದ. ಬೇಡ ಅನ್ನಲಿಲ್ಲ ನಾನು.

ಕತ್ತು ಹಿಸುಕಿ ಓಡಿಸಿದ ಕುದುರೆ ಎಷ್ಟು ದೂರ ಓಡೀತು? ಸೋಮವಾರ ಒಂಬತ್ತಕ್ಕೆ ನಾಲ್ಕನೇ ಬೆಂಚಿನ ಮೇಲೆ ಪರೀಕ್ಷೆ ಶುರು. ಹತ್ತೂಕಾಲರವರೆಗೆ ಹಸಿರು. ನೀವೆಲ್ಲ ಸುತ್ತ ನಿಂತಿದ್ದಿರಿ. ಮೊದಲ ಕೆಂಪು ಗೆರೆ ಬಂದಾಗ ಅವನು ಕೈಯಿಂದ ಪರದೆ ಮುಚ್ಚಲು ಹೋದ, ಮಕ್ಕಳ ಹಾಗೆ. ಆಮೇಲೆ ಗೆರೆಗಳು ಇರುವೆ ಸಾಲಿನಂತೆ ಇಳಿದವು.

ಯಜಮಾನಮ್ಮ ಕನ್ನಡಕ ಮೇಲೆ ತಳ್ಳಿದರು. “ಸ್ಟಿಕ್ಕರಿನ ವೇಗಕ್ಕೆ ಓಡ್ಲಿಲ್ಲ ಅಂದ್ರೆ ಜೋಡಿಸಿದವನ ತಪ್ಪು, ಅಷ್ಟೇ ನನಗೆ ಗೊತ್ತಿರೋದು.”

“ಅಮ್ಮಾ, ಸ್ಟಿಕ್ಕೇ ನಿಧಾನದ್ದು. ನಿನ್ನೆ ಭಾವನಿಗೂ ಹೇಳಿದ್ದೆ. ಅವರೇ ಇದ್ದರು.” ನನ್ನ ಕಡೆ ತಿರುಗಿದ. “ಭಾವ, ಹೇಳಿ. ಹೇಳಿದ್ದೆ ಅಲ್ವಾ?”

ಇಡೀ ಅಂಗಡಿ ನನ್ನ ಬಾಯಿ ನೋಡುತ್ತಿತ್ತು. ಒಂದು ‘ಹೂಂ’ ಸಾಕಿತ್ತು, ಬೆಂಚು ಅವನದು.

“ಏನು ಹೇಳಿದ್ದೆಯೋ ಏನೋ” ಅಂದೆ. “ನನಗೆ ನೆನಪಿಲ್ಲ.”

ಅವನು ಜಗಳ ಮಾಡಲಿಲ್ಲ. ಕಂಪ್ಯೂಟರನ್ನೂ ಒಯ್ಯಲಿಲ್ಲ. ಸ್ಕ್ರೂಡ್ರೈವರನ್ನು ಒರೆಸಿ ಬೆಂಚಿನ ಮೇಲಿಟ್ಟು ಹೋದ. ಗೋದಾಮಿನಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ಎರಡನೇ ವರ್ಷಕ್ಕೆ ಸೊಂಟ ಹೋಯಿತು. ಈಗ ಕೂತರೆ ಏಳಲು ಮಗಳು ಕೈ ಕೊಡಬೇಕಂತೆ. ನನ್ನ ಮನೆ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಕಂಪ್ಯೂಟರನ್ನು ನನ್ನ ಹೆಂಡತಿ ತರಿಸಿಕೊಂಡಳು, ತಮ್ಮನ ಕೈಕೆಲಸ ಅಂತ. ಒಂದು ದಿನ ಮುಚ್ಚಳ ತೆಗೆದು ಒಳಗಿನ ಧೂಳು ಒರೆಸುತ್ತಾ ಆ ಸ್ಟಿಕ್ಕರಿಗೆ ಉಗುರು ಹಾಕಿದ್ದಾಳೆ. ಅವಳಿಗೆ ವಾರಂಟಿ ಯಾರು ಹೇಳಿಕೊಟ್ಟಿದ್ದರು? ನಾನು ಕಾಫಿ ಕುಡಿಯುತ್ತಿದ್ದೆ. ಲೋಟದ ಪಕ್ಕ ಆ ಸ್ಟಿಕ್ಕನ್ನು ಇಟ್ಟಳು. ಮೇಲಿನ ಸ್ಟಿಕ್ಕರ್ ಅರ್ಧ ಎದ್ದಿತ್ತು, ಕೆಳಗಿನದು ಕಾಣುತ್ತಿತ್ತು.

“ಇದು ಯಾರ ಕೆಲಸ ರೀ?”

“ನನಗೆ ನೆನಪಿಲ್ಲ ಕಣೇ” ಅಂದೆ. ಬಾಯಿಗೆ ರೂಢಿಯಾಗಿತ್ತು.

ಅವಳು ಕಿರುಚಲಿಲ್ಲ. ನನ್ನ ಮಾತನ್ನು ಒಪ್ಪಿಕೊಂಡುಬಿಟ್ಟಳು. “ಅಯ್ಯೋ, ಪಾಪ” ಅಂದಳು. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಒಂದೇ ಮಾತು: “ಇವರಿಗೆ ಏನೂ ನೆನಪಿರಲ್ಲ.” ಬೀಗದಕೈ ಅವಳ ಸೆರಗಿಗೆ ಹೋಯಿತು. ಡಾಕ್ಟರು ಕೇಳಿದರೆ ಉತ್ತರ ಅವಳೇ ಕೊಡುತ್ತಾಳೆ. ನಾನು ಬಾಯಿ ತೆರೆದರೆ ತೊಡೆ ತಟ್ಟಿ, “ಹೂಂ, ಹೂಂ, ಸುಮ್ನಿರಿ” ಅನ್ನುತ್ತಾಳೆ. ಜೇಬಿನಲ್ಲಿ ನನ್ನ ಹೆಸರು, ವಿಳಾಸ ಬರೆದ ಕಾಗದ ಇಟ್ಟಿದ್ದಾಳೆ, ದಾರಿ ತಪ್ಪಿದರೆ ಅಂತ. ಹನ್ನೊಂದು ವರ್ಷವಾಯಿತು. ನನಗೆ ಮರೆವಿಲ್ಲ ಅಂತ ಪ್ರಪಂಚದಲ್ಲಿ ಚೆನ್ನಾಗಿ ಗೊತ್ತಿರುವುದು ಅವಳೊಬ್ಬಳಿಗೇ.

ನೆನಪಿದೆ ಅಂತ ಸಾಧಿಸಲು ಒಂದೇ ದಾರಿ ಇತ್ತು. ಅದನ್ನೇ ಈಗ ಹೇಳಿ ಮುಗಿಸಿದೆ.

ತಿರುಪು ನಂಬರು ನನ್ನ ಫೋನಿನಲ್ಲಿಲ್ಲ, ಅಳಿಸಿದ್ದಾಳೆ. ನಿಮ್ಮಲ್ಲಿ ಇಬ್ಬರ ಹತ್ತಿರ ಇದೆ, ಯಾರ ಹತ್ತಿರ ಅಂತಲೂ ಗೊತ್ತು. ಕ್ಷಮಿಸು ಅಂತ ಸೇರಿಸಬೇಡಿ, ನಾನು ಕೇಳಿಲ್ಲ, ಅವನು ಕೊಡುವುದೂ ಬೇಡ. ‘ಮುದುಕನ ತಲೆ ಕೆಟ್ಟಿದೆ’ ಅಂತ ನಗುವುದಾದರೆ ನಕ್ಕು ಮುಗಿಸಿ. ಆಮೇಲೆ ಇದನ್ನು ಕತ್ತರಿಸದೆ, ಇದ್ದದ್ದು ಇದ್ದ ಹಾಗೆ, ಅವನಿಗೆ ಕಳಿಸಿ. ಅವನ ಮಕ್ಕಳೂ ಪಕ್ಕದಲ್ಲಿ ಕೂತು ಕೇಳಲಿ. ಅಡುಗೆಮನೆಯಿಂದ ಇವಳು ಬರುತ್ತಿದ್ದಾಳೆ, ಫೋನು ಕಿತ್ತುಕೊಳ್ಳುತ್ತಾಳೆ. ಕಳಿಸ್ರಯ್ಯಾ.