ಅಕ್ಕನನ್ನು ಮುಟ್ಟಿದವರು

"ಆ ಗಂಟು ಬಿಚ್ಚಬೇಡ!" ಎಂದು ಅಣ್ಣ ಅರಚುವಷ್ಟರಲ್ಲಿ ದರ್ಜಿ ಹೆಂಗಸು ಮೊದಲ ಗಂಟನ್ನು ಬಿಚ್ಚಿಯಾಗಿತ್ತು.

ಹೆಣವನ್ನು ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೂರು ಕಡೆ ಹಗ್ಗ ಬಿಗಿದಿದ್ದರು. ಸತ್ತವಳು ಅವನ ತಂಗಿ, ಊರಿಗೆಲ್ಲ ಅಕ್ಕ. ಹದಿನೆಂಟು ವರ್ಷ ಎಚ್‌ಐವಿ ತಡೆಯುವ ಸಂಘದಲ್ಲಿದ್ದು ಲಾರಿ ನಿಲ್ದಾಣದಲ್ಲಿ, ಲಾಡ್ಜುಗಳ ಹಿಂಬಾಗಿಲಲ್ಲಿ ಕಾಂಡೋಮ್ ಹಂಚಿದವಳು. ಹೆದರಿದವರ ಕೈಹಿಡಿದು ರಕ್ತಪರೀಕ್ಷೆಗೆ ಕರೆದೊಯ್ದವಳು. ನಿನ್ನೆ ಸಂಘದ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವಳು ಮತ್ತೆ ಏಳಲಿಲ್ಲ.

"ಹೃದಯ ನಿಂತು ಸತ್ತಳು ಅಂತ ಡಾಕ್ಟರೇ ಬರೆದುಕೊಟ್ಟಿದ್ದಾರಲ್ಲ. ಪ್ಲಾಸ್ಟಿಕ್ ಯಾಕೆ?" ಎಂದಳು ದರ್ಜಿ.

"ನಾನೇ ಸುತ್ತಿಸಿದ್ದು. ಅಂಥವರ ಜೊತೆ ಓಡಾಡಿದವಳು, ಮೈಯಲ್ಲಿ ಏನಿತ್ತೋ!" ಅಣ್ಣ ಬಾಯಿಮೂಗಿಗೆ ಬಟ್ಟೆ ಕಟ್ಟಿ ನಿಂತಿದ್ದ. "ನಿಮ್ಮ ಸಂಘದ ಜನ ಗೇಟಿನ ಆಚೆಗೇ ಇರಲಿ. ನೆಂಟರ ಮುಂದೆ ಮಾನ ಹರಾಜಾಗೋದು ಬೇಡ."

ದರ್ಜಿಗೆ ಮೈಯೆಲ್ಲ ಉರಿದುಹೋಯಿತು.

* * *

ಒಂಬತ್ತು ವರ್ಷದ ಹಿಂದೆ ಪರೀಕ್ಷೆಯ ಚೀಟಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕಲ್ಲಾಗಿ ಕೂತಿದ್ದಳು. ಅಕ್ಕ ಬಂದು ಪಕ್ಕದಲ್ಲಿ ಕೂತಳು.

"ಸಾಯೋಕೆ ಹೊರಟಿದ್ದೀಯೇನೇ?"

"ಹೂಂ."

"ಸಾಯಿ. ಮೊದಲು ನನ್ನ ಅಂಗಿ ತೋಳು ಸಡಿಲ ಮಾಡಿಕೊಡು. ಹೋದ ತಿಂಗಳು ಎಂಥಾ ಹೊಲಿದೆ ಮಾರಾಯ್ತಿ, ಕೈ ಎತ್ತೋಕಾಗಲ್ಲ."

ಹಾಗೆಂದವಳೇ ದರ್ಜಿ ಅರ್ಧ ಕುಡಿದಿಟ್ಟಿದ್ದ ಚಹಾ ಎತ್ತಿ ಗಟಗಟ ಕುಡಿದು ಮುಗಿಸಿದಳು. "ಮಾತ್ರೆ ಬಿಡದೆ ನುಂಗು. ನನ್ನನ್ನ ಕಳಿಸಿ ಆಮೇಲೆ ಹೋಗುವಿಯಂತೆ."

* * *

ದರ್ಜಿ ಎರಡನೆಯ ಗಂಟಿಗೆ ಕೈಹಾಕುತ್ತಲೇ ಅಣ್ಣ ಅವಳ ರಟ್ಟೆ ಹಿಡಿದೆಳೆದ.

"ಕಾಯಿಲೆ ಇದ್ದದ್ದು ಅವಳಿಗಲ್ಲ, ನನಗೆ! ಒಂಬತ್ತು ವರ್ಷದಿಂದ. ಈಗ ಮುಟ್ಟಿದಿರಲ್ಲ, ಏನಾಯ್ತು ನಿಮಗೆ?"

ಕೆಂಡ ಮುಟ್ಟಿದವನಂತೆ ಅವನು ಕೈಬಿಟ್ಟ. ನೆಂಟರು ಗೋಡೆಗೆ ಸರಿದರು.

"ಊರಿಗೆಲ್ಲ ಬುದ್ಧಿ ಕಲಿಸಿದ್ಲು," ಎಂದ ಗೇಟಿನಾಚೆಯಿಂದ ಒಬ್ಬ ಲಾರಿ ಡ್ರೈವರ್, ಎಲ್ಲರಿಗೂ ಕೇಳುವಂತೆ. "ದೀಪದ ಬುಡ ಮಾತ್ರ ಕತ್ತಲೇ ಉಳೀತು."

ದರ್ಜಿ ಉಳಿದ ಗಂಟುಗಳನ್ನೂ ಕಿತ್ತಳು. ಪ್ಲಾಸ್ಟಿಕ್ ಸರಿಸಿ ಅಕ್ಕನ ಮುಖ ತೆರೆದಳು.

ಒಳಕೋಣೆಯಿಂದ ತಾಯಿ ಗೋಡೆ ಹಿಡಿದು ಬಂದಳು. ಹದಿನೆಂಟು ವರ್ಷ ಮಗಳ ತಟ್ಟೆ ಲೋಟ ಬೇರೆ ಇಟ್ಟವಳು.

"ಅಮ್ಮಾ, ಮುಟ್ಟಬೇಡ!"

ಮುದುಕಿ ಮಗನತ್ತ ತಿರುಗಲೂ ಇಲ್ಲ. ನೆಲಕ್ಕೆ ಕುಸಿದು ಮಗಳ ತಲೆಯನ್ನು ತೊಡೆಗೆಳೆದುಕೊಂಡಳು. ತುಟಿಯಂಚಿನಲ್ಲಿ ಏನೋ ಒಣಗಿ ಅಂಟಿತ್ತು. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡು, ಶಾಲೆಗೆ ಹೊರಟ ಮಗುವಿನ ಬಾಯಿ ಒರೆಸುವಂತೆ ಅದನ್ನು ಉಜ್ಜತೊಡಗಿದಳು.